ಮೊದಲು ಮ್ಯಾಗಜೀನ್ ನೋಡಿ

ಮಾನ್ಯರೆ,

ಪೊಲೀಸರ ಹಳೇ, ತಾನೇ ಮುಂದಿನ ಗುಂಡು ತುಂಬಿಕೊಳ್ಳುವ ಎಸ್‌ಎಲ್‌ಆರ್ ರೈಫಲ್‌ಗಳಲ್ಲಿ ಗುಂಡು ಸಿಕ್ಕಿಕೊಳ್ಳುತ್ತದೆ, ಎಲ್ಲವನ್ನೂ ಗುಜರಿಗೆ ಹಾಕಿ ಎಂಬ ಓದುಗರ ಪತ್ರ ನೋಡಿದೆ. ನಾನು ಸೈನ್ಯದಲ್ಲಿ ಆರ್ಮರರ್, ಅಂದರೆ ಬಂದೂಕು ರಿಪೇರಿ ಮಾಡುವವನು, ಆಗಿದ್ದವನು. ಈ ಮಾತನ್ನು ಒಪ್ಪಲಾರೆ.

ಗುಂಡು ನಳಿಕೆಯ ಹಿಂತುದಿಯ ಚೇಂಬರ್‌ಗೆ ಹೋಗದಿದ್ದರೆ ಮೊದಲು ನೋಡಬೇಕಾದ್ದು ಮ್ಯಾಗಜೀನ್. 20 ಗುಂಡು ಹಿಡಿಯುವ ಆ ತಗಡಿನ ಡಬ್ಬಿ ಸಿಮೆಂಟ್ ನೆಲಕ್ಕೆ ಬಿದ್ದರೆ ಮೇಲಿನ ಮಡಚಿದ ಅಂಚು ಕೂದಲೆಳೆಯಷ್ಟು ಅಗಲವಾಗಬಹುದು. ಆಗ ಗುಂಡಿನ ಮೂತಿ ಮೇಲಕ್ಕೆದ್ದು ಚೇಂಬರ್ ಬಾಯಿಗೆ ತಾಗಿ ನಿಲ್ಲುತ್ತದೆ. ಸುಮ್ನೆ ನೋಡಿದರೆ ಕಾಣಲ್ಲ. ಹೊಸ ಮ್ಯಾಗಜೀನ್ ಪಕ್ಕದಲ್ಲಿಟ್ಟು ಹೋಲಿಸಬೇಕು. ಸ್ಪ್ರಿಂಗ್ ಸೋತಿದ್ದರೆ ಕೊನೆಯ ಗುಂಡುಗಳು ಕೈ ಕೊಡುತ್ತವೆ.

ಮ್ಯಾಗಜೀನ್ ಬದಲಿಸಿದರೂ ಸರಿಹೋಗಲಿಲ್ಲವೇ? ಗ್ಯಾಸ್ ರೆಗ್ಯುಲೇಟರ್ ನೋಡಿ. ಗುಂಡು ಹಾರಿದಾಗ ಹುಟ್ಟುವ ಗ್ಯಾಸ್ ಎಷ್ಟು ಬಳಕೆಯಾಗಬೇಕು ಎಂದು ಹೊಂದಿಸುವ ಭಾಗ ಅದು; ಆ ಗ್ಯಾಸಿನ ಬಲದಿಂದಲೇ ಗುಂಡು ತಳ್ಳುವ ಬೋಲ್ಟ್ ಹಿಂದೆ ಸರಿಯುತ್ತದೆ. ಮಸಿ ಕಟ್ಟಿ ಗ್ಯಾಸ್ ಸಾಲದಾದರೆ ಬೋಲ್ಟ್ ಪೂರ್ತಿ ಹಿಂದೆ ಬರಲ್ಲ, ಮುಂದಿನ ಗುಂಡನ್ನು ಎತ್ತಿಕೊಳ್ಳಲ್ಲ.

ಪುಣೆಯ ಮಳೆಗೆ ತುಕ್ಕಿನ ಭಯ ಅಂತ ಮ್ಯಾಗಜೀನ್ ಒಳಗೆ ಜಾಸ್ತಿ ಎಣ್ಣೆ ಸುರಿಯುವವರಿದ್ದಾರೆ. ಅದಕ್ಕೆ ದೂಳು ಅಂಟಿ ಇನ್ನೂ ಕೆಡುತ್ತದೆ, ಅಲ್ವಾ? ತೆಳುವಾಗಿ ಒರೆಸಿದರೆ ಸಾಕು.

ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಮ್ಯಾಗಜೀನ್ ಮೇಲೂ ಬಣ್ಣದಲ್ಲಿ ನಂಬರ್ ಬರೆಸಿ. ಕೈ ಕೊಟ್ಟದ್ದನ್ನು ಅಂದೇ ಬೇರೆ ಇಡಿಸಿ.

— ನಿವೃತ್ತ ಹವಾಲ್ದಾರ್, ಖಡಕಿ, ಪುಣೆ