ಹತ್ತಿ ಹೊಲದಂಚಿನ ಸಿಂಹ

ಅಥೆನ್ಸ್
ಅಕ್ಟೋಬರ್ 30

ತೀರ್ಥರೂಪ ಅಪ್ಪಾಜಿಗೆ ಮತ್ತು ಅವ್ವಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಕಾಗದ ಯಾಕೆ ಎನ್ನಬೇಡಿ. ಮೊನ್ನೆ ನೋಡಿ ಬಂದದ್ದನ್ನು ಫೋನಿನಲ್ಲಿ ಹೇಳಹೋದರೆ ಅವ್ವ ನಡುವೆ "ಊಟ ಆತೇನ?" ಅಂತಾಳೆ, ಅಲ್ಲಿಗೆ ಮಾತು ಬದನೆಕಾಯಿ ಪಲ್ಯಕ್ಕೆ ಹೊರಳುತ್ತದೆ. ಅಪ್ಪಾಜಿ, ಕನ್ನಡಕ ಹುಡುಕುತ್ತ ಕೂಡಬೇಡಿ, ಬಸೂನ ಕೈಲಿ ಓದಿಸಿರಿ.

28ಕ್ಕೆ ಇಲ್ಲಿ ದೇಶಕ್ಕೆಲ್ಲ ರಜೆ. 1940ರಲ್ಲಿ ಇಟಲಿಯವರು "ನಮ್ಮ ಸೈನ್ಯಕ್ಕೆ ದಾರಿ ಬಿಡಿ" ಅಂದಾಗ ಇವರು "ಓಹಿ", ಅಂದರೆ "ಇಲ್ಲ" ಎಂದರಂತೆ. ಆ ಒಂದು "ಇಲ್ಲ"ದ ಹಬ್ಬ ಅದು. ಲ್ಯಾಬಿಗೆ ಬೀಗ. ಬೆಳಿಗ್ಗೆ ಬಸ್ಸು ಹತ್ತಿ ಲಿವಾಡಿಯಾ ಎಂಬ ಊರಿಗೆ ಹೋದೆ, ಎರಡು ತಾಸಿನ ದಾರಿ. ಬಸ್ಸಿನಲ್ಲಿದ್ದ ಪ್ರವಾಸಿಗರೆಲ್ಲ ಇನ್ನೂ ಮುಂದೆ ಡೆಲ್ಫಿಗೆ ಹೋಗುವವರು. ನಾನೊಬ್ಬಳೇ ಇಳಿದೆ. ಟ್ಯಾಕ್ಸಿಯವನೂ "ಡೆಲ್ಫಿಗಾ?" ಅಂತಲೇ ಕೇಳಿದ. ಕೈರೋನಿಯಾ ಅಂದೆ. ಅರ್ಥವಾಗಲಿಲ್ಲ. ಫೋನಿನಲ್ಲಿ ಅಲ್ಲಿಯ ಕಲ್ಲಿನ ಸಿಂಹದ ಚಿತ್ರ ತೋರಿಸಿದ ಮೇಲೆ "ಓ, ಹೆರೋನ್ಯಾ!" ಎಂದು ನಕ್ಕು ಗಾಡಿ ತಿರುಗಿಸಿದ. 13–14 ಕಿಲೋಮೀಟರು.

ದಾರಿಯಲ್ಲಿ ಏನು ಕಂಡಿತು ಗೊತ್ತೇ? ಹತ್ತಿ! ಒಡೆದು ನಿಂತ ಹತ್ತಿ, ಕಣ್ಣು ಹಾಯುವ ತನಕ. ಯುರೋಪಿನಲ್ಲಿ ಹತ್ತಿ ಬೆಳೆಯುವುದರಲ್ಲಿ ಗ್ರೀಸೇ ಮೊದಲು ಎಂದು ಓದಿದ್ದೆ, ಆದರೆ ನವಲಗುಂದದ ಎರೆಹೊಲದಲ್ಲಿ ನಿಂತಂಥ ಭ್ರಮೆ ಬರುತ್ತದೆ ಎಂದುಕೊಂಡಿರಲಿಲ್ಲ. ಈ ಸೀಮೆಯಲ್ಲಿ ಕೊಪಾಯಿಸ್ ಎಂಬ ದೊಡ್ಡ ಸರೋವರವಿತ್ತಂತೆ. 19ನೆಯ ಶತಮಾನದ ಕೊನೆಗೆ ನೀರೆಲ್ಲ ಬಸಿದು ಹೊಲ ಮಾಡಿಕೊಂಡರು. ಗಾಡಿ ನಿಲ್ಲಿಸಿ ಒಂದು ಕಾಯಿ ಮುಟ್ಟಿ ನೋಡಿದೆ, ನಮ್ಮ ಜಯಧರ ಹತ್ತಿಯ ಕಾಯಿಗಿಂತ ದೊಡ್ಡದು, ತೊಳೆ ದಪ್ಪ. ಬಿಡಿಸಲು ಹೆಣ್ಣಾಳು ಯಾರೂ ಇಲ್ಲ ಅವ್ವಾ, ಎಲ್ಲ ಮಷೀನು. ಎಲೆ, ಕಸ ಎಲ್ಲ ಸೇರಿಸಿ ಎಳೆದುಕೊಳ್ಳುತ್ತದೆ. ನೀ ನೋಡಿದ್ದರೆ ಬೈಯುತ್ತಿದ್ದಿ.

ಆ ಹೊಲಗಳ ಅಂಚಿಗೆ, ರಸ್ತೆಯ ಪಕ್ಕಕ್ಕೆ, ಸೈಪ್ರೆಸ್ ಮರಗಳ ನಡುವೆ ಕುಂತಿದೆ ಸಿಂಹ. ಹಿಂಗಾಲು ಮಡಚಿ, ಮುಂಗಾಲು ಊರಿ, ನಮ್ಮ ಓಣಿಯ ಬಾಗಿಲಲ್ಲಿ ಕುಂತ ನಾಯಿಯ ಹಾಗೆ. ಸಿಂಹವೇ ಐದೂವರೆ ಮೀಟರು, ಕೆಳಗಿನ ಪೀಠ ಬೇರೆ. ಟಿಕೆಟ್ಟಿಲ್ಲ, ಗೈಡಿಲ್ಲ, ಆಟಿಕೆ ಮಾರುವವರಿಲ್ಲ. ನಾನು ಒಂದೂವರೆ ತಾಸು ಇದ್ದೆ, ಒಂದು ಟ್ರ್ಯಾಕ್ಟರ್ ಹೋಯಿತು, ಅಷ್ಟೆ.

ಅಪ್ಪಾಜಿ, ನೀವು ಚಿಕ್ಕಂದಿನಲ್ಲಿ ನಮಗೆ ಪುರು ಮತ್ತು ಅಲೆಕ್ಸಾಂಡರನ ಕಥೆ ಹೇಳುತ್ತಿದ್ದಿರಲ್ಲ, ಆ ಅಲೆಕ್ಸಾಂಡರ್ ಝೇಲಂ ತಲುಪಿದ್ದು ಕ್ರಿ.ಪೂ. 326ರಲ್ಲಿ. ಅದಕ್ಕೆ 12 ವರ್ಷ ಮೊದಲು, 338ರಲ್ಲಿ, ಅವನು ಈ ಹೊಲದಲ್ಲಿದ್ದ. ವಯಸ್ಸು 18, ನಮ್ಮ ಬಸೂಗಿಂತ ಚಿಕ್ಕವ. ಅವನಪ್ಪ ಫಿಲಿಪ್ ಮ್ಯಾಸಿಡೋನಿಯಾದ ದೊರೆ. ಎದುರಿಗೆ ಅಥೆನ್ಸ್ ಮತ್ತು ಥೀಬ್ಸಿನವರು. ಈ ಬಯಲು ಇಕ್ಕಟ್ಟು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕೆಫಿಸೋಸ್ ಹೊಳೆ, ಉತ್ತರದಿಂದ ಅಥೆನ್ಸಿಗೆ ಇಳಿಯುವ ಸೈನ್ಯಕ್ಕೆ ಇದೇ ದಾರಿ. ಇಂಥ ಜಾಗ ಈ ಸೀಮೆಯಲ್ಲಿ ಒಂದೆರಡಲ್ಲ. ಥೀಬ್ಸಿನ ಒಬ್ಬ ಸೇನಾನಿ ಈ ಇಡೀ ಸೀಮೆಯನ್ನೇ ಯುದ್ಧದೇವತೆ ಕುಣಿಯುವ ಅಂಗಳ ಎಂದಿದ್ದನಂತೆ.

ಗುಡ್ಡದ ಕಡೆ ಫಿಲಿಪ್ ಬೇಕೆಂದೇ ಹಿಂದೆ ಸರಿದ ಎಂದು ಹೇಳುತ್ತಾರೆ. ಅಥೆನ್ಸಿನವರು ಗೆದ್ದೆವು ಎಂದು ಮುನ್ನುಗ್ಗಿದರು, ಸಾಲು ಹರಿಯಿತು. ಹೊಳೆಯ ಕಡೆ ಮಗ ಥೀಬ್ಸಿನವರ ಮೇಲೆ ಬಿದ್ದ. ಅಲ್ಲಿ ಅವರ 300 ಜನರ ಆಯ್ದ ಪಡೆಯಿತ್ತು, 150 ಜೋಡಿ. ಜೋಡಿ ಅಂದರೆ ಪ್ರೇಮಿಗಳು, ಇಬ್ಬರೂ ಗಂಡಸರು. ನಾನು ಸುತ್ತಿ ಬಳಸಿ ಹೇಳುವುದಿಲ್ಲ ಅಪ್ಪಾಜಿ, ಅವರ ಕಾಲದವರೂ ಮುಚ್ಚಿಡಲಿಲ್ಲ. ಪ್ರೀತಿಸಿದವನ ಕಣ್ಣೆದುರು ಯಾರೂ ಬೆನ್ನು ತೋರಿಸಲಾರರು ಎನ್ನುವುದು ಆ ಪಡೆ ಕಟ್ಟಿದವರ ಲೆಕ್ಕ. ಲೆಕ್ಕ ತಪ್ಪಲಿಲ್ಲ, ಅವರು ಓಡಲಿಲ್ಲ. ನಿಂತಲ್ಲೇ ಸತ್ತರು.

ಅವರ ಸಮಾಧಿಯ ಮೇಲೆ ನಿಲ್ಲಿಸಿದ್ದು ಎನ್ನುವ ಈ ಸಿಂಹ ಮಣ್ಣಿನಲ್ಲಿ ಒಡೆದು ಬಿದ್ದಿತ್ತು, 1818ರಲ್ಲಿ ಇಂಗ್ಲೆಂಡಿನವರ ಕಣ್ಣಿಗೆ ಬಿತ್ತು. ಹೊಟ್ಟೆಯೊಳಗೆ ನಿಧಿಯಿದೆ ಎಂದು ಯಾರೋ ಒಡೆದರು ಎನ್ನುವ ಕಥೆಯಿದೆ. ನಿಜವೋ ಸುಳ್ಳೋ, ಕೇಳಿ ನಗು ಬಂತು, ನಿಧಿಯ ಹುಚ್ಚು ನಮ್ಮ ಊರ ಸೊತ್ತಲ್ಲ ಹಾಗಾದರೆ! 1879–80ರಲ್ಲಿ ಸಿಂಹದ ಸುತ್ತಲಿನ ಆವರಣದ ಗೋಡೆಯೊಳಗೆ ಅಗೆದಾಗ 254 ಅಸ್ಥಿಪಂಜರ ಸಿಕ್ಕವು, ಏಳು ಸಾಲಿನಲ್ಲಿ ಮಲಗಿಸಿದ್ದರು. ಆ ಪಡೆಯವರೇ ಎಂದು ಹೆಚ್ಚಿನವರ ನಂಬಿಕೆ. ಇಪ್ಪತ್ತನೆಯ ಶತಮಾನದ ಮೊದಲಿಗೆ ಚೂರುಗಳನ್ನು ಜೋಡಿಸಿ ಮತ್ತೆ ಕೂಡಿಸಿದರು.

ನಾನು ಪೀಠದ ಸುತ್ತ ಎರಡು ಸಲ ತಿರುಗಿದೆ. ಒಂದಕ್ಷರವಿಲ್ಲ. 1,800 ವರ್ಷಕ್ಕೂ ಹಿಂದೆ ಇಲ್ಲಿ ಬಂದ ಪೌಸನಿಯಸ್ ಎಂಬ ಯಾತ್ರಿಕನೂ ಅದನ್ನೇ ಗಮನಿಸಿದ. ಧೈರ್ಯಕ್ಕೆ ತಕ್ಕ ದೈವ ಒಲಿಯಲಿಲ್ಲ, ಅದಕ್ಕೇ ಏನೂ ಬರೆಯಲಿಲ್ಲವೇನೋ ಅಂತ ಅವನ ಊಹೆ. ಇದೇ ಬಯಲಲ್ಲಿ ಕ್ರಿ.ಪೂ. 86ರಲ್ಲಿ ರೋಮಿನ ಸೇನಾಪತಿ ಸುಲ್ಲಾ ಗೆದ್ದಾಗ, ಗುಡ್ಡದ ದಾರಿ ತೋರಿಸಿದ ಇಬ್ಬರು ಊರವರ ಹೆಸರು ಕೆತ್ತಿದ ಕಲ್ಲು 1990ರ ಸುಮಾರಿಗೆ ಸಿಕ್ಕಿದೆ. ದಾರಿ ತೋರಿಸಿದವರಿಗೆ ಹೆಸರುಂಟು, ನಿಂತು ಸತ್ತವರಿಗೆ ಬರಿಯ ಸಿಂಹ.

ನಿಮಗೆ ಇಷ್ಟವಾಗುವ ಒಂದು ಮಾತು ಉಳಿಯಿತು. ಪ್ಲುಟಾರ್ಕ್ ಎಂಬ ದೊಡ್ಡ ಬರಹಗಾರ ಈ ಊರಿನವನೇ. ರೋಮ್ ನೋಡಿದ್ದ, ದೊಡ್ಡವರ ಸ್ನೇಹವಿತ್ತು, ಆದರೂ ಇಲ್ಲೇ ಉಳಿದ. ಯಾಕೆಂದರೆ ಮೊದಲೇ ಚಿಕ್ಕ ಊರು, ನಾನೂ ಬಿಟ್ಟರೆ ಇನ್ನೂ ಚಿಕ್ಕದಾದೀತು ಅಂತ. ಹುಬ್ಬಳ್ಳಿಗೆ ಬಂದು ಇರಿ ಎಂದು ಬಸು ಜಗಳ ತೆಗೆದಾಗಲೆಲ್ಲ ನೀವು ಏನೂ ಹೇಳದೆ ಹೊಲದ ಕಡೆ ನಡೆಯುತ್ತೀರಲ್ಲ, ಇನ್ನು ಮೇಲೆ ಈ ಮಾತು ಹೇಳಿಬಿಡಿ.

ಮರಳಿ ಬರುವಾಗ ಬಸ್ಸಿನಲ್ಲಿ ನಮ್ಮ ಮೇಲಿನ ಹೊಲದ ಬದುವಿನ ವೀರಗಲ್ಲೇ ಕಣ್ಣಿಗೆ ಕಟ್ಟಿತ್ತು. ಕೆಳಗಿನ ಸಾಲಿನಲ್ಲಿ ದನಗಳು, ಬಿಲ್ಲು ಹಿಡಿದವ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ನಡುವಿನ ಪಟ್ಟಿಯಲ್ಲಿ ನಾಲ್ಕಾರು ಅಕ್ಷರ ಇದ್ದವು, ಚಿಕ್ಕಂದಿನಲ್ಲಿ ಬೆರಳಾಡಿಸಿದ್ದು ನೆನಪಿದೆ. ಬಸೂ, ಬಿಸಿಲು ಇಳಿದ ಮೇಲೆ, ಓರೆ ಬೆಳಕು ಬೀಳುವಾಗ, ಅದರ ನಾಲ್ಕೈದು ಫೋಟೊ ಹೊಡೆದು ಕಳಿಸು. ಮೊದಲು ಜಾಲಿ ಕಡಿ, ಕಲ್ಲಿಗೆ ನೀರು ಹಾಕಿ ತೊಳಿ, ಸುಣ್ಣ ಮಾತ್ರ ಬಳಿಯಬೇಡ. ಮತ್ತೆ ಎಮ್ಮೆಯನ್ನು ಅದಕ್ಕೆ ಕಟ್ಟುವುದು ಬಿಡು, ಬೇಕಾದರೆ ಗೂಟದ ದುಡ್ಡು ನಾನು ಕಳಿಸುತ್ತೇನೆ.

ಅವ್ವಾ, ಚಳಿ ಈಗ ಶುರುವಾಗಿದೆ. ಊಟ ಆಗಿದೆ.

ನಿಮ್ಮ ಮಗಳು