ಚೆರ್ರಿ ಪೈ ರೆಸಿಪಿಗೆ ಕಲಬುರಗಿಯ ಬಿಸಿಲಿನ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೆ,

ಮೇ, ಜೂನ್ ಬಂತೆಂದರೆ ವಾರದ ಪುರವಣಿಗಳಲ್ಲಿ ಹಣ್ಣಿನ ಪೈ, ಟಾರ್ಟ್ (ಮೈದಾ, ಬೆಣ್ಣೆಯ ಕಣಕದಲ್ಲಿ ಹಣ್ಣಿನ ಹೂರಣ ತುಂಬಿ ಓವನ್‌ನಲ್ಲಿ ಬೇಯಿಸುವ ತಿನಿಸು) ಮಾಡುವ ಬಗೆ ಅಚ್ಚಾಗತೊಡಗುತ್ತದೆ. ಅದೇ ಹೊತ್ತಿಗೆ ಕಾಶ್ಮೀರ, ಹಿಮಾಚಲದ ಚೆರ್ರಿ ತುಂಬಿದ ರಟ್ಟಿನ ಡಬ್ಬಿಗಳು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲೂ ಕಾಣಿಸಿಕೊಳ್ಳುತ್ತವೆ. ದುಬಾರಿ ಹಣ್ಣು, ದುಬಾರಿ ಬೆಣ್ಣೆ ತಂದು ಮಾಡಿದ ಪೈ ಕೆಟ್ಟರೆ ಮತ್ತೆ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಕೆಡುವುದಕ್ಕೆ ಕಾರಣ ಹೆಚ್ಚಿನ ಸಲ ಮಾಡುವವರ ಕೈಯಲ್ಲ, ಅಚ್ಚಾದ ವಿಧಾನ. 'ತಣ್ಣನೆಯ ಬೆಣ್ಣೆ ಹಾಕಿ ಕಲಸಿ', 'ಕೋಣೆಯ ಉಷ್ಣತೆಯಲ್ಲಿ ನಾಲ್ಕು ತಾಸು ಆರಲು ಬಿಡಿ' ಎಂದು ಬರೆದವರ ಕೋಣೆ 20-22 ಡಿಗ್ರಿಯದು. ಹೊರಗೆ 40 ದಾಟಿದ ದಿನ ನಮ್ಮ ಅಡುಗೆಮನೆ 35ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬೆಣ್ಣೆ ಕರಗುವುದೂ ಹೆಚ್ಚುಕಡಿಮೆ ಅದೇ ಬಿಸಿಗೆ. ಹಾಗಾಗಿ ಇಲ್ಲಿ ಚೆರ್ರಿ ಪೈ ಮಾಡುವವರು ಏನೇನು ಬದಲಿಸಿಕೊಳ್ಳಬೇಕು ಎಂಬುದನ್ನು ಅಳತೆಸಮೇತ ಬರೆಯುತ್ತಿದ್ದೇವೆ.

ಮೊದಲು ಹಣ್ಣು. ಬೇಕರಿ ಕೇಕಿನ ಮೇಲೆ ಕೂರಿಸುವ ಕೆಂಪು 'ಚೆರ್ರಿ' ಬಹುಪಾಲು ಕವಳಿ ಹಣ್ಣು. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಪೈಗೆ ಅದು ನಡೆಯುವುದಿಲ್ಲ: ರಸ ಬಿಡುವುದಿಲ್ಲ, ಸಿಹಿ ಬಿಟ್ಟರೆ ರುಚಿಯಿಲ್ಲ. ತಾಜಾ ಚೆರ್ರಿಯೇ ಬೇಕು. ಚೆರ್ರಿ ಗಿಡದಿಂದ ಕಿತ್ತ ಮೇಲೆ ಮಾವಿನಂತೆ ಹಣ್ಣಾಗುವುದಿಲ್ಲ, ಆದ್ದರಿಂದ ಕಾಯಿಯಂಥದ್ದನ್ನು ತಂದಿಟ್ಟು ಕಾಯುವುದು ವ್ಯರ್ಥ. ತೊಟ್ಟು ಹಸಿರಾಗಿರಬೇಕು, ಸಿಪ್ಪೆ ಬಿಗಿಯಾಗಿ ಹೊಳೆಯಬೇಕು. ಡಬ್ಬಿಯ ಮೇಲಿನ ಸಾಲು ನೋಡಿ ಮೋಸ ಹೋಗಬೇಡಿ. ಅಂಗಡಿಯವರನ್ನು ಕೇಳಿ ತಳದ ಹಣ್ಣು ನೋಡಿ. ಬೂಸ್ಟು ಶುರುವಾಗುವುದು ಅಲ್ಲಿಂದಲೇ. ಮನೆಗೆ ತಂದ ಮೇಲೆ ತೊಳೆಯದೆ ಫ್ರಿಜ್‌ನಲ್ಲಿಟ್ಟು, ಬಳಸುವಾಗ ಮಾತ್ರ ತೊಳೆಯಬೇಕು. ತೊಳೆದಿಟ್ಟರೆ ಬೇಗ ಕೊಳೆಯುತ್ತದೆ.

ಇನ್ನೊಂದು ಮಾತು ರೆಸಿಪಿ ಬರೆಯುವವರು ಬಿಟ್ಟೇಬಿಡುತ್ತಾರೆ. ಅಮೆರಿಕದ ಹಳೆಯ ಚೆರ್ರಿ ಪೈ ವಿಧಾನಗಳು ಹುಳಿ ಚೆರ್ರಿಗೆ ಬರೆದಂಥವು, ಅದಕ್ಕೇ ಅವುಗಳಲ್ಲಿ 200 ಗ್ರಾಂಗೂ ಮಿಕ್ಕಿ ಸಕ್ಕರೆ ಇರುತ್ತದೆ. ಕಾಶ್ಮೀರದ ಮಿಶ್ರಿ, ಡಬಲ್ ಮೊದಲಾದವು ಸಿಹಿ ಚೆರ್ರಿಗಳು. ಅವಕ್ಕೆ ಅಷ್ಟೇ ಸಕ್ಕರೆ ಸುರಿದರೆ ಹೂರಣ ಮುರಬ್ಬ ಆಗುತ್ತದೆ. ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ, ಹುಳಿಯನ್ನು ನಾವೇ ನಿಂಬೆಯಿಂದ ತುಂಬಬೇಕು.

9 ಇಂಚಿನ ಒಂದು ಪೈಗೆ ಹೂರಣದ ಅಳತೆ ಹೀಗೆ: ಚೆರ್ರಿ 1 ಕೆ.ಜಿ. (ತೊಟ್ಟು, ಬೀಜ ಹೋಗಿ ಸುಮಾರು 850 ಗ್ರಾಂ ಉಳಿಯುತ್ತದೆ), ಸಕ್ಕರೆ 110 ಗ್ರಾಂ, ಕಾರ್ನ್‌ಫ್ಲೋರ್ 35 ಗ್ರಾಂ, ನಿಂಬೆರಸ 2 ದೊಡ್ಡ ಚಮಚ, ಚಿಟಿಕೆ ಉಪ್ಪು. ಕಾರ್ನ್‌ಫ್ಲೋರ್ ಎಂದರೆ ಮುಟ್ಟಿದರೆ ಕಿರುಗುಟ್ಟುವ ಬಿಳಿ ಪುಡಿ. ಗಿರಣಿಯಲ್ಲಿ ಬೀಸಿದ ಹಳದಿ ಗೋವಿನಜೋಳದ ಹಿಟ್ಟು ಹಾಕಿದರೆ ಹೂರಣ ರಾಡಿಯಾಗುತ್ತದೆ, ಗಟ್ಟಿಯಾಗುವುದಿಲ್ಲ. ಈ ಗೊಂದಲ ನಮ್ಮ ಕಡೆ ಬಹಳ.

ಬೀಜ ತೆಗೆಯಲು ಯಂತ್ರ ಬೇಕಿಲ್ಲ. ಖಾಲಿ ಗಾಜಿನ ಬಾಟಲಿಯ ಬಾಯಿ ಮೇಲೆ ಹಣ್ಣಿಟ್ಟು, ತೊಟ್ಟಿದ್ದ ಜಾಗದಿಂದ ಸ್ಟೀಲ್ ಸ್ಟ್ರಾ ಒತ್ತಿದರೆ ಬೀಜ ಬಾಟಲಿಗೆ ಬೀಳುತ್ತದೆ. ಒಂದೊಂದು ಬೀಜ ಉಳಿದೇ ಉಳಿಯುತ್ತದೆ, ಹಾಗಾಗಿ ಎಲ್ಲ ಮುಗಿದ ಮೇಲೆ ಪ್ರತಿ ಹಣ್ಣನ್ನೂ ಬೆರಳಲ್ಲಿ ಒತ್ತಿ ನೋಡಿ. ಮಕ್ಕಳು, ವಯಸ್ಸಾದವರು ಹಲ್ಲು ಮುರಿದುಕೊಳ್ಳಬಾರದು. ಬೀಜ ಸಮೇತ ಮಿಕ್ಸಿಗೆ ಹಾಕುವುದಂತೂ ಕೂಡದು. ಒಡೆದ ಚೆರ್ರಿ ಬೀಜದ ತಿರುಳಿನಿಂದ ಹೊಟ್ಟೆಯಲ್ಲಿ ಸಯನೈಡ್ ಹುಟ್ಟುತ್ತದೆ.

ಬಿಡಿಸಿದ ಹಣ್ಣಿಗೆ ಸಕ್ಕರೆ, ಉಪ್ಪು, ನಿಂಬೆರಸ ಬೆರೆಸಿ ಒಂದು ತಾಸು ಫ್ರಿಜ್‌ನಲ್ಲಿಡಿ. ಸಕ್ಕರೆ ಹಣ್ಣಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಜರಡಿಯಲ್ಲಿ ಸೋಸಿ, ಆ ರಸದಲ್ಲಿ ನಾಲ್ಕು ಚಮಚ ತೆಗೆದು ಕಾರ್ನ್‌ಫ್ಲೋರ್ ಕದಡಿಕೊಳ್ಳಿ. ಉಳಿದ ರಸವನ್ನು ಕುದಿಸಿ, ಕದಡಿದ್ದನ್ನು ಹುಯ್ದು ಕೈಬಿಡದೆ ಕಲಕಿ. ಮೊದಲು ಹಾಲು ಬೆರೆಸಿದಂತೆ ಮಸುಕಾಗಿ, ಆಮೇಲೆ ತಿಳಿಯಾಗಿ ಹೊಳೆಯುತ್ತದೆ. ಹೊಳಪು ಬಂದ ಮೇಲೆ ಒಂದು ನಿಮಿಷ ಸಾಕು. ಹುಳಿಯೊಂದಿಗೆ ಬಹಳ ಹೊತ್ತು ಕುದ್ದರೆ ಮತ್ತೆ ತೆಳುವಾಗುತ್ತದೆ. ಇದಕ್ಕೆ ಹಣ್ಣು ಸೇರಿಸಿ ಇಳಿಸಿ, ಪೂರಾ ತಣ್ಣಗಾಗಿಸಿ. ಎಲ್ಲವನ್ನೂ ಹಸಿಯಾಗಿಯೇ ಬೆರೆಸಿ ಓವನ್‌ಗೆ ಇಡುವ ವಿಧಾನವೂ ಇದೆ, ಅದರಲ್ಲಿ ತಪ್ಪಿಲ್ಲ. ಆದರೆ ಮನೆಯ ಚಿಕ್ಕ ಓವನ್‌ನಲ್ಲಿ ಪೈ ನಡುಭಾಗ ಸರಿಯಾಗಿ ಕುದಿಯುವ ಮೊದಲೇ ಮೇಲೆ ಕಪ್ಪಾಗುತ್ತದೆ, ಪಿಷ್ಟ ಬೇಯದೆ ಹೂರಣ ನೀರಾಗಿಯೇ ಉಳಿಯುತ್ತದೆ. ಒಲೆಯ ಮೇಲೆ ಮೊದಲೇ ಬೇಯಿಸಿಕೊಂಡರೆ ಆ ಅಂಜಿಕೆಯಿಲ್ಲ.

ಇನ್ನು ಕಣಕ. ಬಿಸಿಲು ಕೈಕೊಡುವುದು ಇಲ್ಲಿಯೇ. ಮೈದಾ 300 ಗ್ರಾಂ, ಬೆಣ್ಣೆ 200 ಗ್ರಾಂ (100 ಗ್ರಾಂನ ಎರಡು ಪ್ಯಾಕೆಟ್, ತೂಗುವ ಕೆಲಸವೇ ಇಲ್ಲ), ಸಕ್ಕರೆ 2 ಸಣ್ಣ ಚಮಚ, ಐಸ್ ನೀರು 80ರಿಂದ 90 ಮಿ.ಲೀ. ಹಳದಿ ಉಪ್ಪು ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಉಪ್ಪಿಲ್ಲದ್ದಾದರೆ 1 ಸಣ್ಣ ಚಮಚ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಹೆಚ್ಚು, ಕಣಕ ಅಂಟಾಗುತ್ತದೆ. ತುಪ್ಪ ಹಾಕಿದರೆ ನಾನ್‌ಖಟಾಯಿಯಂತೆ ಪುಡಿಪುಡಿಯಾಗುತ್ತದೆಯೇ ಹೊರತು ಪದರ ಬರುವುದಿಲ್ಲ. ಪದರ ಏಳುವುದು ಹಿಟ್ಟಿನ ನಡುವೆ ತುಣುಕಾಗಿ ಉಳಿದ ಬೆಣ್ಣೆ ಓವನ್‌ನಲ್ಲಿ ಕರಗಿ, ಅದರೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತಿದಾಗ. ತುಪ್ಪದಲ್ಲಿ ಆ ನೀರಿಲ್ಲ. ಬೆಣ್ಣೆ ಓವನ್ ಸೇರುವ ಮೊದಲೇ ಕಲಸುವ ಪರಾತದಲ್ಲಿ ಕರಗಿಹೋದರೂ ಗತಿ ಅದೇ.

ಅದಕ್ಕಾಗಿ ಕೆಲಸ ನಸುಕಿನ ಐದೂವರೆ, ಆರಕ್ಕೆ ಶುರುವಾಗಬೇಕು. ಹಿಂದಿನ ರಾತ್ರಿಯೇ ಮೈದಾ, ಪರಾತ, ಲಟ್ಟಣಿಗೆ, ತುರಿಯುವ ಮಣೆ ಎಲ್ಲ ಫ್ರಿಜ್‌ಗೆ, ಬೆಣ್ಣೆ ಫ್ರೀಜರ್‌ಗೆ ಹೋಗಲಿ. ಕಲ್ಲಿನಂತಾದ ಬೆಣ್ಣೆಯನ್ನು ಕಾಗದದಲ್ಲೇ ಹಿಡಿದು, ಮೈದಾದ ಮೇಲೆ ನೇರ ತುರಿಯಿರಿ. 50 ಗ್ರಾಂ ತುರಿದಾಗಲೊಮ್ಮೆ ಹಿಟ್ಟನ್ನು ಅದರ ಮೇಲೆ ಎಳೆದು ಕೆದರಿದರೆ ಎಳೆಗಳು ಒಂದಕ್ಕೊಂದು ಅಂಟುವುದಿಲ್ಲ. ಐಸ್ ತೆಗೆದ ನೀರನ್ನು ಚಮಚ ಚಮಚವಾಗಿ ಚಿಮುಕಿಸುತ್ತ ಮುಳ್ಳುಚಮಚದಿಂದ ಬೆರೆಸಿ. ಮುಷ್ಟಿಯಲ್ಲಿ ಒತ್ತಿದಾಗ ಮುದ್ದೆಯಾಗಿ ನಿಂತರೆ ನೀರು ಸಾಕು, ತಳದಲ್ಲಿ ಒಣಪುಡಿ ಉಳಿದಿದ್ದರೆ ಇನ್ನೊಂದು ಚಮಚ. ರೊಟ್ಟಿ, ಚಪಾತಿ ಮಾಡುವವರ ಕೈ ತಾನಾಗಿಯೇ ನಾದಲು ಹೊರಡುತ್ತದೆ, ಇಲ್ಲಿ ನಾದಲೇಬಾರದು. ನಾದಿದಷ್ಟೂ ಹಿಟ್ಟಿನಲ್ಲಿ ಜಿಗುಟು ಬಲಿತು, ಬೇಯುವಾಗ ಕಣಕ ತಟ್ಟೆಯ ಅಂಚಿನಿಂದ ಕೆಳಕ್ಕೆ ಸರಿಯುತ್ತದೆ, ತಿನ್ನುವಾಗ ಹಲ್ಲಿಗೆ ಗಡುಸಾಗುತ್ತದೆ. ಸುಮಾರು 320 ಗ್ರಾಂನ ಒಂದು, ಉಳಿದಿದ್ದರಲ್ಲಿ ಇನ್ನೊಂದು ಬಿಲ್ಲೆ ಮಾಡಿ, ಸುತ್ತಿ, ಎರಡು ತಾಸು ಫ್ರಿಜ್‌ನಲ್ಲಿಡಿ.

ಲಟ್ಟಿಸಲು ನಮ್ಮ ಶಹಾಬಾದ್ ಫರಸಿಯ ಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ, ಆದರೆ ಒಲೆಯಿಂದ ದೂರದ ತುದಿಯಲ್ಲಿ ಮಾತ್ರ. ಹಗಲೇರಿದಂತೆ ಅದೂ ಕಾಯುತ್ತದೆ. ಐಸ್ ತುಂಬಿದ ಪರಾತವನ್ನು ಕಟ್ಟೆಯ ಮೇಲೆ ಕಾಲು ತಾಸು ಇಟ್ಟು ತೆಗೆದು, ಕಲ್ಲಿನ ಪಸೆ ಒರೆಸಿ, ಮೈದಾ ಉದುರಿಸಿ ಲಟ್ಟಿಸಿ. ಹರಡಿದ ಕಣಕದಲ್ಲಿ ಅಲ್ಲಲ್ಲಿ ಬೆಣ್ಣೆಯ ಹಳದಿ ಗೆರೆ, ಮಚ್ಚೆ ಕಾಣಬೇಕು. ಮೇಲ್ಮೈ ಎಣ್ಣೆ ಸವರಿದಂತೆ ಹೊಳೆಯತೊಡಗಿತೋ, ಅದು ಇದ್ದ ಹಾಗೆಯೇ ತಟ್ಟೆಗೆ ಜಾರಿಸಿ ಹತ್ತು ನಿಮಿಷ ಫ್ರೀಜರ್‌ಗೆ. ಅಂಟುತ್ತದೆಂದು ಮತ್ತಷ್ಟು ಮೈದಾ ಸುರಿಯುವುದು ಮದ್ದಲ್ಲ. ದಪ್ಪ 3 ಮಿ.ಮೀ. ಇರಲಿ. ತಟ್ಟೆಗೆ ಹಾಸುವಾಗ ಎಳೆದು ಕೂರಿಸಬೇಡಿ, ಎತ್ತಿ ಮೂಲೆಗೆ ಇಳಿಬಿಡಿ. ಎಳೆದದ್ದು ಬೇಯುವಾಗ ಹಿಂದಕ್ಕೆ ಹೋಗುತ್ತದೆ.

ತಟ್ಟೆ ಅಲ್ಯೂಮಿನಿಯಂನದಾದರೆ ತಳ ಚೆನ್ನಾಗಿ ಬೇಯುತ್ತದೆ. ಗಾಜಿನದನ್ನು ಫ್ರೀಜರ್‌ನಿಂದ ತೆಗೆದು ಕಾದ ಓವನ್‌ಗೆ ಇಟ್ಟರೆ ಸೀಳುವ ಭಯವಿದೆ. ತಣ್ಣಗಾದ ಹೂರಣ ತುಂಬುವ ಮೊದಲು ಕೆಳಗಿನ ಕಣಕದ ಮೇಲೆ ಒಂದು ಚಮಚ ರಸ್ಕಿನ ಪುಡಿ ಉದುರಿಸಿದರೆ ಸೋರಿದ ರಸವನ್ನು ಅದು ಹೀರಿಕೊಳ್ಳುತ್ತದೆ. ಬಿಸಿ ಹೂರಣ ತುಂಬಿದರೆ ಕಣಕದ ಬೆಣ್ಣೆ ಅಲ್ಲೇ ಕರಗಿ, ತಳ ಹಸಿಹಸಿಯಾಗಿ ಉಳಿಯುತ್ತದೆ. ಮೇಲಿನ ಕಣಕವನ್ನು ಪಟ್ಟಿ ಕತ್ತರಿಸಿ ಹೆಣೆಯಬಹುದು. ಅಖಂಡ ಮುಚ್ಚಿದರೆ ಐದಾರು ಸೀಳು ಕೊಡಿ. ಆವಿಗೆ ದಾರಿಯಿಲ್ಲದಿದ್ದರೆ ಅಂಚು ಒಡೆದು ರಸ ಉಕ್ಕುತ್ತದೆ. ಮೇಲೆ ಹಾಲು ಸವರಿ ಸಕ್ಕರೆ ಚಿಮುಕಿಸಿ. ಮೊಟ್ಟೆ ಎಲ್ಲಿಯೂ ಬೇಡ, ಮೊಟ್ಟೆ ಮುಟ್ಟದ ಮನೆಗಳಿಗೆ ಕೇಕಿಗಿಂತ ಪೈ ಸಲೀಸು.

ಕಟ್ಟಿದ ಪೈ ಅರ್ಧ ತಾಸು ಫ್ರೀಜರ್‌ನಲ್ಲಿರಲಿ. ಅಷ್ಟರಲ್ಲಿ ಓಟಿಜಿಯನ್ನು (ಮನೆಬಳಕೆಯ ಕರೆಂಟಿನ ಓವನ್) ಮೇಲೆ ಕೆಳಗೆ ಎರಡೂ ರಾಡ್ ಹಾಕಿ 220 ಡಿಗ್ರಿಗೆ 20 ನಿಮಿಷ ಕಾಯಿಸಿ, ಟ್ರೇ ಕೂಡ ಒಳಗೇ ಕಾಯಲಿ. ಕೆಳಗಿನ ಹಂತದಲ್ಲಿ, ಕಾದ ಟ್ರೇ ಮೇಲೆಯೇ ಪೈ ಇಡಿ. 220ರಲ್ಲಿ 20 ನಿಮಿಷ, ಆಮೇಲೆ 180ರಲ್ಲಿ 35ರಿಂದ 40 ನಿಮಿಷ. ಮೊದಲ ಜೋರು ಬಿಸಿ, ಬೆಣ್ಣೆ ಹರಿದುಹೋಗುವ ಮೊದಲೇ ಕಣಕದ ಆಕಾರ ನಿಲ್ಲಿಸುತ್ತದೆ. ಅಂಚು ಬೇಗ ಕೆಂಪಾದರೆ ಫಾಯಿಲ್ ಮುಚ್ಚಿ, ಆದರೆ ಬೇಗ ಇಳಿಸಬೇಡಿ. ಸೀಳಿನ ನಡುವಿನಿಂದಲೂ ರಸ ದಪ್ಪಗೆ, ನಿಧಾನವಾಗಿ ಗುಳ್ಳೆಯೊಡೆಯಬೇಕು. ಅಂಚಿನಲ್ಲಿ ಮಾತ್ರ ಕುದಿ ಬಂದರೆ ಸಾಲದು. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಇಟ್ಟ ಐದು ನಿಮಿಷದೊಳಗೆ ಹೋದರೆ ಪೈಯನ್ನು ಎತ್ತಿ ಫ್ರಿಜ್‌ಗಿಡಿ. ಅರ್ಧ ಬೆಂದ ಮೇಲೆ ಹೋದರೆ ಬಾಗಿಲು ತೆರೆಯದೆ ಕಾಯಿರಿ. ಓಟಿಜಿ ಸಾವಿರ ವಾಟ್‌ಗೂ ಮಿಕ್ಕಿ ಎಳೆಯುವುದರಿಂದ ಮನೆಯ ಸಾಮಾನ್ಯ ಇನ್ವರ್ಟರ್ ಅದನ್ನು ತಾಳುವುದಿಲ್ಲ. ಚಿಕ್ಕ ಓವನ್‌ನವರು 7 ಇಂಚಿನ ತಟ್ಟೆ ಬಳಸಿ, ಎಲ್ಲ ಅಳತೆಯಲ್ಲೂ ಐದರಲ್ಲಿ ಮೂರು ಪಾಲು ಹಿಡಿದರೆ ಸರಿಹೋಗುತ್ತದೆ.

ಆರಿಸುವುದರಲ್ಲಿಯೂ ನಮ್ಮ ಲೆಕ್ಕ ಬೇರೆ. ಹೂರಣ ಗಟ್ಟಿಯಾಗುವುದು ಓವನ್‌ನಲ್ಲಲ್ಲ, ಆರುವಾಗ. 38 ಡಿಗ್ರಿಯ ಕೋಣೆಯಲ್ಲಿ ನಾಲ್ಕು ತಾಸು ಇಟ್ಟರೂ ಅದು ಸಡಿಲವಾಗಿಯೇ ಇರುತ್ತದೆ, ಚಾಕು ಹಾಕಿದೊಡನೆ ಹರಿಯುತ್ತದೆ. ಕಾರ್ನ್‌ಫ್ಲೋರ್ ಕಡಿಮೆಯಾಯಿತೆಂದು ಮುಂದಿನ ಸಲ ಹೆಚ್ಚಿಸಿದರೆ ಅಂಬಲಿಯಂತಾಗಿ ಇನ್ನೊಂದು ರೀತಿ ಕೆಡುತ್ತದೆ. ಜಾಲರಿಯ ಮೇಲೆ ಫ್ಯಾನ್ ಕೆಳಗೆ ಎರಡು ತಾಸು, ಆಮೇಲೆ ಫ್ರಿಜ್‌ನಲ್ಲಿ ಎರಡು ತಾಸು ಇಟ್ಟು ಕತ್ತರಿಸಿ. ರಾತ್ರಿ ಹೊರಗೆ ಬಿಡಬೇಡಿ. ಫ್ರಿಜ್‌ನಲ್ಲಿ ಮೂರು ದಿನ ಚೆನ್ನಾಗಿರುತ್ತದೆ. ತಿನ್ನುವಾಗ 170ರಲ್ಲಿ ಹತ್ತು ಹನ್ನೆರಡು ನಿಮಿಷ ಬಿಸಿ ಮಾಡಿದರೆ ಗರಿಗರಿ ಮರಳುತ್ತದೆ, ಮೈಕ್ರೋವೇವ್‌ನಲ್ಲಾದರೆ ಮೆತ್ತಗಾಗುತ್ತದೆ.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟೆ. ಪುರವಣಿಯಲ್ಲಿ ಪೈ ವಿಧಾನ ಹಾಕುವಾಗ ಮೈದಾ, ಬೆಣ್ಣೆ, ಸಕ್ಕರೆಯನ್ನು ಗ್ರಾಂ ಲೆಕ್ಕದಲ್ಲೇ ಕೊಡಿ. ಒಂದೇ ಕಪ್ಪಿನಲ್ಲಿ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150. ಆ ಅಂತರವೇ ಕಣಕ ಕೆಡಿಸಲು ಸಾಕು. ಓವನ್ನಿನ ಡಿಗ್ರಿ, ತಟ್ಟೆಯ ಅಳತೆ ಬಿಡಬೇಡಿ. 'ಕೋಣೆಯ ಉಷ್ಣತೆ' ಎಂದು ಬರೆಯುವ ಕಡೆ ಎಷ್ಟು ಡಿಗ್ರಿ ಎಂದೂ ಬರೆಯಿರಿ. ಚೆರ್ರಿಗೇ ಜೋತುಬೀಳಬೇಕೆಂದೂ ಇಲ್ಲ. ಚಳಿಗಾಲದಲ್ಲಿ ಬೀದರ್ ಕಡೆಯ ಪೇರಲ ಬಂದಾಗ ಬೆಣ್ಣೆಯೂ ಹೇಳಿದಂತೆ ಕೇಳುತ್ತದೆ. ಆಗ ಅದರ ಪೈ ಪ್ರಕಟಿಸಿ. ಕಣಕ ಇದೇ. ಬೀಜದ ತಿರುಳು ತೆಗೆದ ಪೇರಲ 800 ಗ್ರಾಂ, ಸಕ್ಕರೆ 100 ಗ್ರಾಂ, ನಿಂಬೆರಸ 2 ದೊಡ್ಡ ಚಮಚ. ಮುಚ್ಚಿ ಎಂಟು ಹತ್ತು ನಿಮಿಷ ಬೇಯಿಸಿ. ಪೇರಲದಲ್ಲಿ ಹೂರಣವನ್ನು ತಾನೇ ಗಟ್ಟಿಮಾಡುವ ಪೆಕ್ಟಿನ್ ಎಂಬ ಅಂಶ ಹೆಚ್ಚಿರುವುದರಿಂದ ಕಾರ್ನ್‌ಫ್ಲೋರ್ 15 ಗ್ರಾಂ ಸಾಕು.

ಇತಿ,
ಮನೆಯಲ್ಲಿ ಬೇಕಿಂಗ್ ಹೇಳಿಕೊಡುವ ಗೆಳತಿಯರು, ಕಲಬುರಗಿ