ಬಾಹಾ ತಂಡಗಳು ಹಿಂದಿನ ಟೈರಿನ ಲೆಕ್ಕ ಹಾಕಲಿ

ಮಾನ್ಯ ಸಂಪಾದಕರೇ,

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ಎಟಿವಿಯೊಂದಿಗೆ (ಕಚ್ಚಾ ನೆಲದಲ್ಲಿ ಓಡುವ ಪುಟ್ಟ ವಾಹನ) ಬಾಹಾ ಎಸ್‌ಎಇ ಇಂಡಿಯಾ ಎಂಬ ವಿದ್ಯಾರ್ಥಿಗಳ ವಾಹನ ಸ್ಪರ್ಧೆಗೆ ಹೊರಟ ಸುದ್ದಿ ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತದೆ. 2007ರಲ್ಲಿ ಶುರುವಾದ ಈ ಸ್ಪರ್ಧೆಗೆ ರಾಜ್ಯದ ಹಲವು ತಂಡಗಳು ಹೋಗಿಬರುತ್ತಿರುವುದು ಹೆಮ್ಮೆಯ ವಿಷಯ. ಸುದ್ದಿಯಲ್ಲಿ ಚಾಸಿಯ ಪೈಪು, ಸಸ್ಪೆನ್ಷನ್, ಗೇರ್‌ಬಾಕ್ಸ್, ಪ್ರಾಯೋಜಕರ ಹೆಸರು ಎಲ್ಲವೂ ಇರುತ್ತವೆ. ನೆಲ ಮುಟ್ಟುವುದು ಟೈರು ಮಾತ್ರ, ಅದರ ಮಾತೇ ಇರುವುದಿಲ್ಲ. ತಂಡಗಳ ಬಜೆಟ್ಟಿನಲ್ಲೂ ಹಾಗೆಯೇ ಆಗುತ್ತದೆ. ಕೊನೆಗೆ ಉಳಿದ ದುಡ್ಡಿನಲ್ಲಿ, ನೋಡಲು ಭರ್ಜರಿಯಾಗಿರುವ ದೊಡ್ಡ ಬಟನ್ (ಮೈಮೇಲಿನ ರಬ್ಬರು ಉಬ್ಬು) ಟೈರು ಹಿಂದಿನ ಚಕ್ರಕ್ಕೆ ಬಂದು ಕೂರುತ್ತದೆ. ಬಟನ್ ದೊಡ್ಡದಾದಷ್ಟೂ ಹಿಡಿತ ಹೆಚ್ಚು ಎಂಬ ನಂಬಿಕೆ ಇದರ ಹಿಂದಿದೆ. ಈ ವಾಹನಗಳ ಮಟ್ಟಿಗೆ ಅದು ಸರಿಯಲ್ಲ.

ಪೆಟ್ರೋಲ್ ವಿಭಾಗದ ವಾಹನಕ್ಕೆ ಇರುವುದು 10 ಅಶ್ವಶಕ್ತಿಯ ಎಂಜಿನ್, ಅಂದರೆ ಸುಮಾರು 7.5 ಕಿಲೊವ್ಯಾಟ್. ಸಿವಿಟಿ (ಗೇರ್ ಅನುಪಾತವನ್ನು ತಾನಾಗಿ ಬದಲಿಸುವ ವ್ಯವಸ್ಥೆ) ಬೆಲ್ಟು, ಗೇರ್‌ಬಾಕ್ಸ್‌ಗಳಲ್ಲಿ ಕಾಲು ಭಾಗ ನಷ್ಟವಾದರೆ ಚಕ್ರಕ್ಕೆ ಮುಟ್ಟುವುದು 5.6 ಕಿಲೊವ್ಯಾಟ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಇಷ್ಟು ಶಕ್ತಿ ವಾಹನವನ್ನು ಸುಮಾರು 100 ಕೆ.ಜಿ. ಬಲದಿಂದ ತಳ್ಳುತ್ತದೆ. 40 ಕಿ.ಮೀ. ವೇಗಕ್ಕೆ ಬಲ 50 ಕೆ.ಜಿ.ಗೆ ಇಳಿಯುತ್ತದೆ. ಚಾಲಕನೂ ಸೇರಿ ವಾಹನ 250 ಕೆ.ಜಿ. ತೂಗುತ್ತದೆ, ಅದರಲ್ಲಿ 150 ಕೆ.ಜಿ. ಎಂಜಿನ್ ತಿರುಗಿಸುವ ಹಿಂದಿನ ಚಕ್ರಗಳ ಮೇಲಿದೆ ಎಂದುಕೊಳ್ಳೋಣ. ಒಣ ಗಟ್ಟಿ ನೆಲದಲ್ಲಿ ಸಾಧಾರಣ ಟೈರೂ ತನ್ನ ಮೇಲಿನ ಭಾರದ ಶೇ 70ರಷ್ಟನ್ನು ಎಳೆಯುತ್ತದೆ ಎಂದರೆ 105 ಕೆ.ಜಿ. ಆಯಿತು. ಅಂದರೆ 20 ಕಿ.ಮೀ. ದಾಟಿದ ಮೇಲೆ ಅಂಥ ನೆಲದಲ್ಲಿ ಚಕ್ರವನ್ನು ಜಾರಿಸುವ ತಾಕತ್ತು ಎಂಜಿನ್‌ಗೇ ಇಲ್ಲ. ಅಲ್ಲಿ ಇನ್ನಷ್ಟು ಹಿಡಿತ ಕೊಂಡುಕೊಂಡು ಪ್ರಯೋಜನವಿಲ್ಲ. ದಪ್ಪ ಬಟನ್‌ಗಳು ಮಡಚಿ ಬಿಚ್ಚುವುದರಲ್ಲಿ ಇರುವ ಶಕ್ತಿಯೂ ಸೋರಿಹೋಗುತ್ತದೆ. ಹಸಿ ಎರೆಮಣ್ಣಿನಲ್ಲಿ ಎಳೆತ ಶೇ 30ಕ್ಕೆ ಕುಸಿದರೆ ಮಾತ್ರ ಇದೇ ಎಂಜಿನ್ 45 ಕಿ.ಮೀ. ವೇಗದವರೆಗೂ ಚಕ್ರವನ್ನು ಸುಮ್ಮನೆ ತಿರುಗಿಸಬಲ್ಲದು. ಆದ್ದರಿಂದ ಹಿಡಿತ ಸಾಲದೇ ಹೋಗುವುದು ಹೊರಡುವಾಗ, ಕಡಿದಾದ ಏರಿನಲ್ಲಿ, ಕೆಸರಿನಲ್ಲಿ. ಟೈರು ಆರಿಸಬೇಕಾದದ್ದು ಆ ಜಾಗಗಳಿಗಾಗಿ. ಉಳಿದ ಕಡೆಗೆಲ್ಲ ಬೇಕಾದದ್ದು ಹಗುರ ಟೈರು. (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ವಾಹನವಾದರೆ ಈ ಲೆಕ್ಕವನ್ನು ಪೂರ್ತಿ ತೂಕದ ಮೇಲೆ ಹಾಕಬೇಕು.)

ಅಮೆರಿಕದ ಜಿಎನ್‌ಸಿಸಿ ರೇಸುಗಳ ವಿಡಿಯೊ ನೋಡಿ ಅಲ್ಲಿನ ಟೈರನ್ನೇ ತರಿಸುವ ತಂಡಗಳಿವೆ. ಕಾಡುದಾರಿಯಲ್ಲಿ ಎರಡು ಗಂಟೆ ಓಡುವ ಆ 450 ಸಿಸಿ ಕ್ವಾಡ್‌ಗಳಿಗೆ (ನಾಲ್ಕು ಚಕ್ರದ ಬೈಕು) 40ಕ್ಕೂ ಹೆಚ್ಚು ಅಶ್ವಶಕ್ತಿ ಇರುತ್ತದೆ. ಅವುಗಳ ಹಿಂದಿನ ಚಕ್ರ ಹೆಚ್ಚುಕಡಿಮೆ ಸದಾ ಜಾರುತ್ತಲೇ ಇರುತ್ತದೆ. ಅದಕ್ಕೇ ಅವರಿಗೆ 20x11-9ರಂಥ ಅಗಲ ಟೈರು ಬೇಕು. ಮೋಟೊಕ್ರಾಸ್‌ನಲ್ಲಿ (ಮಣ್ಣಿನ ಟ್ರ್ಯಾಕಿನ ಸುತ್ತೋಟ) ಅವರೇ 18x10-8ಕ್ಕೆ ಇಳಿಯುತ್ತಾರೆ. ಈ ಅಳತೆಯಲ್ಲಿ ಮೊದಲನೆಯದು ಗಾಳಿ ತುಂಬಿದ ಟೈರಿನ ಎತ್ತರ, ಎರಡನೆಯದು ಅಗಲ, ಕೊನೆಯದು ರಿಮ್, ಎಲ್ಲವೂ ಇಂಚಿನಲ್ಲಿ.

ಎತ್ತರದ ಪರಿಣಾಮ ನೇರ. 23 ಇಂಚಿನಿಂದ 25 ಇಂಚಿಗೆ ಹೋದರೆ ನೆಲ ಮುಟ್ಟುವ ಎಳೆತ ಶೇ 8ರಷ್ಟು ಕಡಿಮೆಯಾಗುತ್ತದೆ. ಏರಿನಲ್ಲಿ ಸಿವಿಟಿ ಬೆಲ್ಟು ಬಿಸಿಯಾಗಿ ಜಾರಲು ಇದೊಂದೇ ಸಾಕು. ಗೇರ್ ಅನುಪಾತ ಬದಲಿಸಲಾಗದಿದ್ದರೆ ಎತ್ತರದ ಟೈರಿನ ಆಸೆ ಬಿಡಬೇಕು. ತೂಕದ್ದು ಇನ್ನೂ ಮುಖ್ಯ. 25x10-12ರ ಆರು ಪ್ಲೈ (ಒಳಗಿನ ನೂಲಿನ ಪದರಗಳ ಬಲದ ಅಳತೆ) ಮಡ್ ಟೈರು ಒಂದಕ್ಕೆ 12–13 ಕೆ.ಜಿ. ತೂಗುತ್ತದೆ. 22x7-10ರ ಹಗುರ ಟೈರಾದರೆ ಅದರ ಅರ್ಧಕ್ಕೆ ಮುಗಿಯುತ್ತದೆ. ನೆಲ ಮುಟ್ಟುವ ಟ್ರೆಡ್ಡಿನ ಭಾಗ ಚಕ್ರದ ಅಂಚಿನಲ್ಲಿ ಇರುವುದರಿಂದ ಅಲ್ಲಿನ ಒಂದು ಕೆ.ಜಿ., ವೇಗ ಹೆಚ್ಚಿಸುವಾಗ ಚಾಸಿಯ ಮೇಲಿನ ಸುಮಾರು ಎರಡು ಕೆ.ಜಿ.ಗೆ ಸಮ. ಚಾಸಿಯ ಪೈಪಿನಲ್ಲಿ ಅರ್ಧ ಕೆ.ಜಿ. ಉಳಿಸಲು ವಾರಗಟ್ಟಲೆ ಕಂಪ್ಯೂಟರ್ ಮುಂದೆ ಕೂರುವ ತಂಡ ಚಕ್ರದಲ್ಲಿ ಹತ್ತು ಕೆ.ಜಿ. ಸುಮ್ಮನೆ ಸುತ್ತಿಸುವುದನ್ನು ನೋಡಿದರೆ ಸಂಕಟವಾಗುತ್ತದೆ. ಆರು ಪ್ಲೈ ಟೈರಿನ ಸೈಡ್‌ವಾಲ್ (ಪಕ್ಕದ ಗೋಡೆ) ಇಷ್ಟು ಹಗುರ ವಾಹನದ ಕೆಳಗೆ ಬಾಗುವುದೂ ಇಲ್ಲ. ಬಾಗದಿದ್ದರೆ ನೆಲಕ್ಕೆ ಒತ್ತಿಕೊಳ್ಳುವ ಜಾಗ ಕಿರಿದಾಗುತ್ತದೆ. ಎರಡು ಪ್ಲೈ ಸಾಕು, ಕಲ್ಲು ಹೆಚ್ಚಿದ್ದರೆ ನಾಲ್ಕು. ಆಟೊರಿಕ್ಷಾದ 4.00-8 ಟೈರು, ಪವರ್ ಟಿಲ್ಲರ್ ಟೈರುಗಳನ್ನು ಅಗ್ಗವೆಂದು ಹಾಕುವುದೂ ಬೇಡ. ಕಡಿಮೆ ಗಾಳಿಯಲ್ಲಿ ಓಡಲು ಅವು ತಯಾರಾದವಲ್ಲ. ಬಿಕೆಟಿಯಂಥ ನಮ್ಮ ದೇಶದ ಕಂಪನಿಯೇ ಎಟಿವಿ ಟೈರು ಮಾಡುತ್ತದೆ. ಯಾರದೇ ಟೈರು ಕೊಂಡರೂ ಸೈಡ್‌ವಾಲ್ ಮೇಲಿನ ನಾಲ್ಕಂಕಿ ತಾರೀಕು ನೋಡಿ: 2319 ಎಂದಿದ್ದರೆ 2019ರ 23ನೇ ವಾರದ ಮಾಲು, ರಬ್ಬರು ಗಟ್ಟಿಯಾಗಿರುತ್ತದೆ.

ಇನ್ನು ನೆಲ. ನಮ್ಮ ತಂಡಗಳು ಎಡವುವುದು ಹೆಚ್ಚಾಗಿ ಇಲ್ಲೇ. ಸ್ಪರ್ಧೆ ಬಹುಕಾಲದಿಂದ ನಡೆಯುತ್ತಿರುವುದು ಇಂದೋರ್ ಬಳಿಯ ಪೀಥಂಪುರದ ನ್ಯಾಟ್ರ್ಯಾಕ್ಸ್ ಎಂಬ ವಾಹನ ಪರೀಕ್ಷಾ ಕೇಂದ್ರದಲ್ಲಿ. ಅದು ಮಾಳವ ಪ್ರಸ್ಥಭೂಮಿಯ ಕಪ್ಪು ನೆಲ. ಬೆಂಗಳೂರು, ಮೈಸೂರು, ತುಮಕೂರಿನ ಹುಡುಗರು ಅಭ್ಯಾಸ ಮಾಡುವುದು ಕೆಂಪು ಮಣ್ಣು, ಗರಸಿನ ಮೇಲೆ. ಕರಾವಳಿಯವರು ಜಂಬಿಟ್ಟಿಗೆ ನೆಲದಲ್ಲಿ. ಗರಸು ನೆಲದಲ್ಲಿ ಕೆಳಗೆ ಗಟ್ಟಿ, ಮೇಲೆ ಸಡಿಲ ಹರಳು. ಅಲ್ಲಿ 12–15 ಮಿ.ಮೀ. ಎತ್ತರದ, ಒತ್ತೊತ್ತಾಗಿರುವ ಬಟನ್ ಬೇಕು. ಹಿಡಿತ ಕೊಡುವುದು ಬಟನ್ನಿನ ಅಂಚು, ಎತ್ತರವಲ್ಲ. ಎತ್ತರದ ಬಟನ್ ಅಂಥಲ್ಲಿ ಬುಡದಿಂದ ಬಾಗಿ ವಾಹನ ತೇಲಿದಂತೆ ಆಡುತ್ತದೆ.

ಎರೆಮಣ್ಣಿನ ಸ್ವಭಾವವೇ ಬೇರೆ. ಒಣಗಿದಾಗ ಹೆಂಟೆ ಕಲ್ಲಿನಂತಿರುತ್ತದೆ, ಮೇಲೆ ನುಣ್ಣನೆ ಪುಡಿ. ನೀರು ಬಿದ್ದರೆ ಚಕ್ರ ಎರಡು ಸುತ್ತು ತಿರುಗುವಷ್ಟರಲ್ಲಿ ಬಟನ್‌ಗಳ ಸಂದು ತುಂಬಿ ಟೈರು ಬೋಳಾಗುತ್ತದೆ. ಇದಕ್ಕೆ ಸಂದು ಅಗಲವಾಗಿರಬೇಕು, ಪಕ್ಕದವರೆಗೂ ತೆರೆದಿರಬೇಕು, ಆಗ ಚಕ್ರ ತಿರುಗುವ ವೇಗಕ್ಕೆ ಮಣ್ಣು ಹೊರಗೆ ಸಿಡಿಯುತ್ತದೆ. 20–25 ಮಿ.ಮೀ. ಎತ್ತರದ, ವಿ ಆಕಾರದ ಲಗ್‌ಗಳು (ಉದ್ದನೆಯ ಬಟನ್) ಸರಿ. ಸೈಡ್‌ವಾಲ್ ಮೇಲಿನ ಬಾಣದ ಗುರುತಿನಂತೆಯೇ ಕೂಡಿಸಬೇಕು. ತಿರುಗಿಸಿ ಹಾಕಿದರೆ ಲಗ್ ಮಣ್ಣನ್ನು ಹೊರಗೆ ಹಾಕುವ ಬದಲು ನಡುವಿಗೆ ಎಳೆದುಕೊಳ್ಳುತ್ತದೆ. ಅಗಲದ ವಿಷಯಕ್ಕೆ ಒಂದೇ ಉತ್ತರವಿಲ್ಲ. ಅಡಿಯಲ್ಲಿ ರೋಲರ್ ಹೊಡೆದ ಗಟ್ಟಿ ನೆಲವಿದ್ದು ಮೇಲೆ ನಾಲ್ಕು ಬೆರಳು ಕೆಸರಿದ್ದರೆ 7 ಇಂಚಿನ ಟೈರು ಕೆಸರು ಸೀಳಿ ಕೆಳಗೆ ಕಚ್ಚುತ್ತದೆ. ಆಳದ ಎರೆಯಲ್ಲಿ ಕಚ್ಚಲು ಏನೂ ಸಿಗುವುದಿಲ್ಲ. ಅಲ್ಲಿ 9–10 ಇಂಚು ಅಗಲವಿರಬೇಕು, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಬೇಕು. ಟ್ರ್ಯಾಕ್ ನಡೆದು ನೋಡಲು ಅವಕಾಶ ಸಿಕ್ಕಾಗ ಕಬ್ಬಿಣದ ಸರಳೊಂದನ್ನು ಕೆಸರಿಗೆ ಚುಚ್ಚಿ ಆಳ ನೋಡಿಕೊಳ್ಳಿ.

ಎರಡು ಜತೆ ಟೈರು ಕೊಳ್ಳಲು ದುಡ್ಡಿಲ್ಲದ ತಂಡ ಇರುವ ಟೈರನ್ನೇ ಕತ್ತರಿಸಿ ಹೊಂದಿಸಬಹುದು. ಚಾಕು ಹಿಡಿಯುವ ಮುನ್ನ ಆ ವರ್ಷದ ನಿಯಮ ಪುಸ್ತಕ ಓದಿ, ಅನುಮಾನವಿದ್ದರೆ ಆಯೋಜಕರಿಗೆ ಬರೆದು ಕೇಳಿ. ಹೆದ್ದಾರಿ ಬದಿಯ ರೀಟ್ರೆಡಿಂಗ್ ಅಂಗಡಿಗಳಲ್ಲಿ ಗ್ರೂವ್ ಹೊಡೆಯಲು ಬಳಸುವ, ಕರೆಂಟಿನಿಂದ ಕಾಯುವ ಬ್ಲೇಡಿನ ಕಟರ್ ಇದಕ್ಕೆ ತಕ್ಕದ್ದು. ಬ್ಲೇಡಿನ ತುದಿ ಯು ಆಕಾರದಲ್ಲಿರಬೇಕು. ಚೂಪು ವಿ ಆಕಾರದ್ದಾದರೆ ಗ್ರೂವಿನ ತಳದಿಂದಲೇ ಬಿರುಕು ಶುರುವಾಗುತ್ತದೆ. ಟೈರು ತೊಳೆದು ಒಣಗಿಸಿ, ರಿಮ್‌ಗೆ ಕೂಡಿಸಿ, ಸೈಡ್‌ವಾಲ್ ಮೇಲೆ ಬರೆದ ಮಿತಿಯೊಳಗೆ ಗಾಳಿ ತುಂಬಿ ಬಿಗಿ ಮಾಡಿ, ಕತ್ತರಿಸುವ ಗೆರೆಗಳನ್ನು ಬಿಳಿ ಮಾರ್ಕರ್‌ನಿಂದ ಎಳೆಯಿರಿ. ಗಟ್ಟಿ ನೆಲಕ್ಕಾದರೆ ನಡುಸಾಲಿನ ಪ್ರತಿ ಬಟನ್‌ಗೂ ಅಡ್ಡಲಾಗಿ 3 ಮಿ.ಮೀ. ಅಗಲ, 6 ಮಿ.ಮೀ. ಆಳದ ಒಂದು ಗೀರು. ಒಂದು ಅಂಚಿದ್ದ ಕಡೆ ಎರಡಾಗುತ್ತದೆ. ಬಟನ್ ಎತ್ತರದ ಅರ್ಧಕ್ಕಿಂತ ಆಳ ಹೋದರೆ ಎರಡು ತುಂಡೂ ಬಾಗಿ ಇದ್ದ ಹಿಡಿತವೂ ಹೋಗುತ್ತದೆ. ಕೆಸರಿಗಾದರೆ ನಡುಸಾಲಿನಲ್ಲಿ ಒಂದು ಬಿಟ್ಟು ಒಂದು ಬಟನ್ ಪೂರ್ತಿ ತೆಗೆಯಿರಿ, ಆದರೆ ಬುಡದಲ್ಲಿ 2–3 ಮಿ.ಮೀ. ಬಿಟ್ಟೇ ಕತ್ತರಿಸಿ. ಬುಡದಿಂದ ಕೆಳಗಿಳಿದರೆ ಮುಂದಿರುವುದು ನೂಲಿನ ಪದರ. ನೂಲು ಕಂಡ ಟೈರನ್ನು ರೇಸಿಗೆ ಹಾಕುವಂತಿಲ್ಲ, ಅಂಟು ಹಚ್ಚಿ ಮುಚ್ಚುವುದೂ ಸಲ್ಲ. ಸವೆದು ದುಂಡಗಾದ ಬಟನ್‌ಗಳ ಮುಂದಂಚನ್ನು ಇದೇ ಬ್ಲೇಡಿನಿಂದ ಚೌಕ ಮಾಡಿಕೊಂಡರೆ ಹಳೆ ಟೈರಿಗೆ ಇನ್ನೊಂದು ಸುತ್ತಿನ ಜೀವ ಬರುತ್ತದೆ.

ಬ್ಲೇಡು ರಬ್ಬರನ್ನು ಬೆಣ್ಣೆಯಂತೆ ಸೀಳಬೇಕು, ಹೊಗೆ ಏಳಬಾರದು. ಹೊಗೆ ಬಂದರೆ ಕಾವು ಹೆಚ್ಚಾಗಿದೆ ಎಂದರ್ಥ. ಸುಟ್ಟ ಅಂಚು ಮೊದಲು ಅಂಟಂಟಾಗಿ, ಆಮೇಲೆ ಪುಡಿಯಾಗಿ ಉದುರುತ್ತದೆ. ಕೆಲಸ ಬಯಲಿನಲ್ಲಿ ನಡೆಯಲಿ, ಕೈಗೆ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಎಡಗಡೆಯ ಟೈರಿನಿಂದ ತೆಗೆದ ಚೂರುಗಳನ್ನು ತೂಗಿ, ಬಲಗಡೆಯಿಂದಲೂ ಅಷ್ಟೇ ತೆಗೆಯಿರಿ.

ಡಿಫರೆನ್ಷಿಯಲ್ ಇಲ್ಲದೆ ಎರಡೂ ಹಿಂದಿನ ಚಕ್ರ ಒಟ್ಟಿಗೆ ತಿರುಗುವ ವಾಹನಗಳೇ ಬಾಹಾದಲ್ಲಿ ಹೆಚ್ಚು. ಅಂಥದ್ದು ತಿರುವು ತೆಗೆದುಕೊಳ್ಳಬೇಕಾದರೆ ಹಿಂದಿನ ಟೈರು ಸ್ವಲ್ಪ ಅಡ್ಡ ಜಾರಲೇಬೇಕು. ಹಿಂದೆ ಪಕ್ಕದ ಹಿಡಿತ ಹೆಚ್ಚಾದರೆ ಸ್ಟೀರಿಂಗ್ ತಿರುಗಿಸಿದರೂ ವಾಹನ ನೇರಕ್ಕೇ ನುಗ್ಗುತ್ತದೆ. ತಂಡಗಳು ಆಗ ಸ್ಟೀರಿಂಗ್ ಜ್ಯಾಮಿತಿಯನ್ನು ಬೈಯುತ್ತವೆ, ತಪ್ಪು ಟೈರಿನ ಭುಜದಲ್ಲಿ (ಟ್ರೆಡ್ಡಿನ ಹೊರ ಅಂಚು) ಇರುತ್ತದೆ. ಹೊರಸಾಲಿನ ಬಟನ್‌ಗಳ ಹೊರ ಅಂಚನ್ನು 45 ಡಿಗ್ರಿಗೆ ಓರೆಯಾಗಿ ಸವರಿದರೆ ತಿರುವು ಸಲೀಸಾಗುತ್ತದೆ. ಎರಡೂ ಟೈರಿನ ಸುತ್ತಳತೆಯನ್ನು ಒಂದೇ ಗಾಳಿಯಲ್ಲಿ ಟೇಪು ಹಿಡಿದು ಅಳೆಯಿರಿ. ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ನೇರ ದಾರಿಯಲ್ಲೂ ವಾಹನ ಒಂದು ಪಕ್ಕಕ್ಕೆ ಎಳೆಯುತ್ತದೆ.

ಇಷ್ಟೆಲ್ಲ ಮಾಡಿ ಪೆಟ್ರೋಲ್ ಬಂಕಿನ ಮೀಟರಿನಲ್ಲಿ ಗಾಳಿ ನೋಡಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಈ ಟೈರುಗಳು ಓಡುವುದು 5ರಿಂದ 8 ಪಿಎಸ್‌ಐ ಗಾಳಿ ಒತ್ತಡದಲ್ಲಿ. ಅಲ್ಲಿ ಒಂದು ಪಿಎಸ್‌ಐ ಎಂದರೆ ಶೇ 12ರಿಂದ 20ರ ವ್ಯತ್ಯಾಸ. 0–15 ಪಿಎಸ್‌ಐ ಅಳೆಯುವ ಗೇಜು ಬೇಕೇ ಬೇಕು. ಬೆಳಿಗ್ಗೆ 18 ಡಿಗ್ರಿ ಚಳಿಯಲ್ಲಿ 6 ಇಟ್ಟ ಗಾಳಿ ಮಧ್ಯಾಹ್ನ 33 ಡಿಗ್ರಿಗೆ ತಾನಾಗಿಯೇ 7 ಆಗಿರುತ್ತದೆ. ಹಾಗಾಗಿ ಓಟ ಶುರುವಾಗುವ ಸಾಲಿನಲ್ಲಿ ನಿಂತಾಗ ಇನ್ನೊಮ್ಮೆ ನೋಡಿ. 8ರಿಂದ ಶುರುಮಾಡಿ ಅರ್ಧರ್ಧ ಇಳಿಸುತ್ತ ಬನ್ನಿ. ರಿಮ್‌ಗೂ ಟೈರಿಗೂ ಸೇರಿಸಿ ಒಂದು ಬಣ್ಣದ ಗೆರೆ ಎಳೆದಿರಿ. ಓಡಿಸಿ ಬಂದಾಗ ಗೆರೆ ಮುರಿದಿದ್ದರೆ ಟೈರು ರಿಮ್ ಮೇಲೆ ಜಾರುತ್ತಿದೆ, ಗಾಳಿ ಅತಿ ಕಡಿಮೆಯಾಗಿದೆ. ಟ್ಯೂಬು ಹಾಕಿದ್ದರೆ ಇಂಥ ಹೊತ್ತಿನಲ್ಲೇ ವಾಲ್ವಿನ ಬುಡ ಹರಿಯುವುದು. ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟಕ್ಕೆ ಕಲ್ಲಿನೇಟು ತಡೆಯಲು ಒಂದು ಪಿಎಸ್‌ಐ ಹೆಚ್ಚಿಗೆ ಇರಲಿ.

ಯಾವುದು ಸರಿ ಎಂದು ತಿಳಿಯಲು ದುಬಾರಿ ಉಪಕರಣವೇನೂ ಬೇಡ. 300 ಕೆ.ಜಿ.ಯ ಕೊಕ್ಕೆ ತಕ್ಕಡಿಯೊಂದನ್ನು ವಾಹನದ ಹಿಂಭಾಗಕ್ಕೂ ನಿಲ್ಲಿಸಿದ ಟ್ರ್ಯಾಕ್ಟರಿಗೂ ನಡುವೆ ಹಗ್ಗದಿಂದ ಕಟ್ಟಿ, ಹಗ್ಗ ನೆಲಕ್ಕೆ ಸಮಾನಾಂತರವಾಗಿ ಬಿಗಿಯಾದ ಮೇಲೆ ನಿಧಾನವಾಗಿ ಎಳೆಸಿ. ಚಕ್ರ ಜಾರುವ ಮುಂಚಿನ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಿ. ಹಗ್ಗದ ಹತ್ತಿರ ಯಾರೂ ನಿಲ್ಲಬಾರದು. ಪ್ರತಿ ಟೈರು, ಪ್ರತಿ ಗಾಳಿ ಒತ್ತಡಕ್ಕೆ ಐದು ಸಲ ಹೀಗೆ ಮಾಡಿದರೆ ಒಂದು ದಿನದಲ್ಲಿ ನಂಬಬಹುದಾದ ಪಟ್ಟಿ ಸಿಗುತ್ತದೆ. ಡಿಸೈನ್ ಪರೀಕ್ಷಕರ ಮುಂದಿಡಲೂ ಅದು ಬಲವಾದ ಆಧಾರ.

ಕಾಲೇಜು ಆಡಳಿತಗಳಲ್ಲಿ ನಮ್ಮ ಕೋರಿಕೆ ಎರಡು. ಟೈರಿನ ದುಡ್ಡನ್ನು ಚಾಸಿಯ ದುಡ್ಡಿನ ಜತೆಗೇ, ದಸರೆಗೆ ಮೊದಲು ಬಿಡುಗಡೆ ಮಾಡಿ. ವಾಹನ ಹೊರಡುವ ವಾರ ಕೊಂಡ ಟೈರನ್ನು ಪರೀಕ್ಷಿಸಲು ಸಮಯವಿರುವುದಿಲ್ಲ. ಎರಡನೆಯದು, ಹುಬ್ಬಳ್ಳಿ, ಗದಗ, ವಿಜಯಪುರ, ಕಲಬುರಗಿ ಕಡೆಯ ಕಾಲೇಜುಗಳ ಸುತ್ತ ಬೇಕಾದಷ್ಟು ಎರೆ ಭೂಮಿ ಇದೆ. ಹಿಂಗಾರು ಬೆಳೆಗೆ ತೊಂದರೆಯಾಗದ ಬೀಳು ಜಾಗದಲ್ಲಿ ದಕ್ಷಿಣದ ತಂಡಗಳಿಗೂ ಎರಡು ದಿನ ಅಭ್ಯಾಸಕ್ಕೆ ಅವಕಾಶ ಕೊಟ್ಟರೆ, ಕಪ್ಪು ಮಣ್ಣಿನಲ್ಲಿ ತಮ್ಮ ಟೈರು ಹೇಗೆ ವರ್ತಿಸುತ್ತದೆ ಎಂಬುದನ್ನು ಆ ಮಕ್ಕಳು ಪೀಥಂಪುರಕ್ಕೆ ಹೋಗುವ ಮೊದಲೇ ನೋಡಬಹುದು.

– ಆಫ್‌ರೋಡ್ ವಾಹನ ತಯಾರಿಯಲ್ಲಿ ತೊಡಗಿರುವ ಓದುಗರು, ಹುಬ್ಬಳ್ಳಿ